ಓಡುವ ತಾತನಿಗೆ ಕಾಳು ಬೇಕು



ನಮ್ಮ ತಾತನಿಗೆ 68 ವರ್ಷ. ದಿನಾ ಕೋಳಿ ಕೂಗೋ ಹೊತ್ತಿಗೆ ಎದ್ದು, ಕಬಿನಿ ಡ್ಯಾಮಿನ ಕಡೆ ಹೋಗಿ 10 ಕಿಲೋಮೀಟರ್ ಓಡಿ ಬರ್ತಾರೆ. ಆದರೆ ಈಚೆಗೆ ಅವರ ತೊಡೆ, ಮೀನಖಂಡ ಸೊರಗಿವೆ. "ಓಡಿ ಓಡಿ ಸವೆದೋದ್ರು" ಅಂತ ಅಜ್ಜಿ ಬೈತಾರೆ. ತಪ್ಪು ಓಟದ್ದೋ, ತಟ್ಟೆಯದ್ದೋ? ನೋಡೋಣ.

ನಮ್ಮ ಸ್ನಾಯುಗಳು ಸಸಾರಜನಕದಿಂದ, ಅಂದರೆ ಪ್ರೋಟೀನಿನಿಂದ ಆಗಿವೆ. ದೂರ ಓಡಿದಾಗ ಅವು ಸ್ವಲ್ಪ ಸವೆಯುತ್ತವೆ. ಆಮೇಲೆ ಊಟದ ಪ್ರೋಟೀನಿನಿಂದ ದೇಹ ಅವನ್ನು ರಿಪೇರಿ ಮಾಡುತ್ತದೆ. ವಯಸ್ಸಾದ ಮೇಲೆ ಈ ರಿಪೇರಿ ಕೆಲಸ ನಿಧಾನ. ಹುಡುಗರಿಗೆ ಸಾಕಾಗುವಷ್ಟು ಪ್ರೋಟೀನು ಒಂದು ಹೊತ್ತಿಗೆ ಮುದುಕರಿಗೆ ಸಾಲದು. ಹೊಟ್ಟೆ ತುಂಬ ತಿನ್ನದೆ ಓಡಿದರಂತೂ ದೇಹ ಶಕ್ತಿಗಾಗಿ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ.

ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಆಯಿತು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಅಂತ ಅನೇಕ ತಜ್ಞರು ಹೇಳುತ್ತಾರೆ. ಅಂದರೆ 60ರಿಂದ 72 ಗ್ರಾಂ. ದೂರ ಓಡುವವರಿಗೆ ಅದಕ್ಕಿಂತ ಕಡಿಮೆ ಆಗಬಾರದು.

ಇದಕ್ಕೆ ಪೇಟೆಯ ಡಬ್ಬಿ ಪುಡಿ ಬೇಕಾ? ಬೇಡ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು. 50 ಗ್ರಾಂ ಹುರಳಿಕಾಳಿನಲ್ಲಿ 11 ಗ್ರಾಂ. ಒಂದು ಮೊಟ್ಟೆಯಲ್ಲಿ, ಅಥವಾ ಒಂದು ಲೋಟ ಹಾಲಿನಲ್ಲಿ 6 ಗ್ರಾಂ. ಕೂಡಿಸಿ ನೋಡಿ, ಒಂದು ಹೊತ್ತಿಗೆ 24 ಗ್ರಾಂ! ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಾಳಿನಲ್ಲಿ ಧಾರಾಳ. ಅದಕ್ಕೇ ಮುದ್ದೆಗೂ ಕಾಳಿಗೂ ಒಳ್ಳೆ ಜೋಡಿ.

ಪಂಜಾಬಿನ ಫೌಜಾ ಸಿಂಗ್ ಅವರು ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಹುಟ್ಟಿದವರು. 2011ರಲ್ಲಿ, ನೂರನೇ ವಯಸ್ಸಿನಲ್ಲಿ, ಕೆನಡಾದ ಟೊರಾಂಟೊದಲ್ಲಿ 42 ಕಿಲೋಮೀಟರಿಗೂ ಹೆಚ್ಚಿನ ಮ್ಯಾರಥಾನ್ ಮುಗಿಸಿದರು. ಅವರು ಸಸ್ಯಾಹಾರಿಯಾಗಿದ್ದರು. ತಿನ್ನುತ್ತಿದ್ದದ್ದು ರೊಟ್ಟಿ, ಬೇಳೆ, ಸೊಪ್ಪು ತರಕಾರಿ, ಹಾಲು, ಮೊಸರು.

ಹಾಗಾದರೆ ನಮ್ಮ ತಾತ ಏನು ತಿಂತಾರೆ? ನಾನು ಒಂದು ವಾರ ಗಮನಿಸಿದೆ. ಉಪ್ಸಾರು ಮಾಡಿದ ದಿನ ಬೆಂದ ಕಾಳನ್ನೆಲ್ಲ ನಮ್ಮ ತಟ್ಟೆಗೆ ಹಾಕಿಸಿ, "ಬೆಳೆಯೋ ಮಕ್ಳು ತಿನ್ಲಿ" ಅಂದು, ತಾವು ಬರೀ ತಿಳಿಯಲ್ಲಿ ಮುದ್ದೆ ನುಂಗ್ತಾರೆ. ಕೊನೆಗೆ ಉಣ್ಣೋ ಅಜ್ಜಿಗೆ ಅದೂ ಕಡಿಮೆ. ಪ್ರೋಟೀನು ಹೆಚ್ಚಾಗಿ ಉಳಿಯುವುದು ಕಾಳಿನಲ್ಲಿ, ಬಸಿದ ನೀರಿನಲ್ಲಲ್ಲ!

ಈಗ ನಮ್ಮ ಮನೆಯಲ್ಲಿ ಕಾಳನ್ನು ಎಲ್ಲರಿಗೂ ಸಮನಾಗಿ ಬಡಿಸ್ತೀವಿ. ಓಡಿ ಬಂದ ತಾತನಿಗೆ ಮೊಳಕೆ ಹುರಳಿ ಬೇಯಿಸಿ ಕೊಡ್ತೀವಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು.

ಇವತ್ತು ರಾತ್ರಿ ನಿಮ್ಮ ತಾತ, ಅಜ್ಜಿಯ ತಟ್ಟೆಯನ್ನೂ ಒಂದು ಸಲ ನೋಡಿ. ಕಾಳು ಇದೆಯಾ?

– 9ನೇ ತರಗತಿ