ಹುಚ್ಚುನಾಯಿ ಚುಚ್ಚುಮದ್ದಿನ ರಕ್ಷಣೆ ಎಷ್ಟು ಕಾಲ?

“ಹೋದ ವರ್ಷ ನಾಯಿ ಕಚ್ಚಿದಾಗ ಹಸುವಿಗೆ ಐದೂ ಸೂಜಿ ಹಾಕಿಸಿದ್ದೆವು. ಈಗ ಮತ್ತೆ ಕಚ್ಚಿದೆ. ಇನ್ನೊಮ್ಮೆ ಹಾಕಿಸಬೇಕೇ?” ಕೆಂಗೇರಿ, ಕುಂಬಳಗೋಡು ಕಡೆಯ ಹೈನುಗಾರರು ಕೇಳುವ ಪ್ರಶ್ನೆ ಇದು. ಹಾಕಿಸಲೇಬೇಕು ಎಂಬುದೇ ಉತ್ತರ.

ಲಸಿಕೆಯಿಂದ ರಕ್ತದಲ್ಲಿ ವೈರಾಣುವನ್ನು ತಡೆಯುವ ಪ್ರತಿಕಾಯಗಳು ಉಂಟಾಗುತ್ತವೆ. ದಿನ ಕಳೆದಂತೆ ಇವು ಇಳಿಯುತ್ತವೆ. ಆದರೆ ದೇಹದಲ್ಲಿ ಅದರ ನೆನಪು ಉಳಿದಿದ್ದು, ಮತ್ತೆ ಸೂಜಿ ಬಿದ್ದೊಡನೆ ಬೇಗ ಏರುತ್ತವೆ.

ಪ್ರಯೋಗಾಲಯದಲ್ಲಿ ಸುಂಡಿಲಿಗಳಿಗೆ ವಾರದ ಅಂತರದಲ್ಲಿ ಎರಡು ಸಲ ಲಸಿಕೆ ಕೊಟ್ಟು, 14ನೇ ದಿನ ಮೆದುಳಿಗೇ ವೈರಾಣು ಚುಚ್ಚಿ ನೋಡುವ ಪದ್ಧತಿ ಬಹುಕಾಲದಿಂದ ಇದೆ. ಇದರಿಂದ ಲಸಿಕೆಯ ಬಲ ತಿಳಿಯುತ್ತದೆ, ಬಾಳಿಕೆ ತಿಳಿಯದು. ಬಾಳಿಕೆ ನೋಡಲು ವರ್ಷಗಟ್ಟಲೆ ಕಾಯಬೇಕು. ಅಮೆರಿಕದಲ್ಲಿ 3 ವರ್ಷದ ಲಸಿಕೆಯೆಂದು ಒಪ್ಪಿಗೆ ಪಡೆಯಲು, ಲಸಿಕೆ ಹಾಕಿದ ನಾಯಿಗಳನ್ನು 3 ವರ್ಷ ಸಾಕಿ ಬಳಿಕ ವೈರಾಣು ಚುಚ್ಚುತ್ತಾರೆ. ಲಸಿಕೆ ಕಾಣದ ನಾಯಿಗಳಲ್ಲಿ ನೂರಕ್ಕೆ 80ಕ್ಕೆ ರೋಗ ಬರಬೇಕು; ಲಸಿಕೆ ಪಡೆದ 25ರಲ್ಲಿ 22 ಆದರೂ ಉಳಿಯಬೇಕು.

ಅಂದರೆ ಒಳ್ಳೆಯ ಲಸಿಕೆಯಲ್ಲೂ ಒಂದೆರಡು ಪ್ರಾಣಿ ಕೈತಪ್ಪಬಹುದು. ಅವು ಆರೋಗ್ಯವಾಗಿದ್ದು, ಕಡಿತಕ್ಕೆ ಮೊದಲೇ ಲಸಿಕೆ ಪಡೆದ ನಾಯಿಗಳು. ಕಚ್ಚಿಸಿಕೊಂಡ ಮೇಲೆ ಸೂಜಿ ಹಾಕಿಸಿದ ನಮ್ಮ ಕೊಟ್ಟಿಗೆಯ ಹಸುವಿಗೆ ಆ ಲೆಕ್ಕ ಹಿಡಿದು ಕೂರಬಾರದು.

ಕಚ್ಚಿದ ಜಾಗವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ರಾಸುಗಳಿಗೆ ಸಾಮಾನ್ಯವಾಗಿ ಕಚ್ಚಿದ ದಿನ, ಬಳಿಕ 3, 7, 14 ಮತ್ತು 28ನೇ ದಿನ ಸೂಜಿ ಹಾಕುತ್ತಾರೆ. ಹಿಂದೆ ಹಾಕಿಸಿದ್ದರೆ ಈಗ ಎಷ್ಟು ಬೇಕೆಂದು ಪಶುವೈದ್ಯರು ಹೇಳುತ್ತಾರೆ. ಜೊಲ್ಲು ಸುರಿಸುತ್ತಾ ನುಂಗಲಾರದ ರಾಸಿನ ಬಾಯಿಗೆ, ಏನೋ ಸಿಕ್ಕಿಕೊಂಡಿದೆಯೆಂದು ಕೈ ಹಾಕಬೇಡಿ. ಸಾಕುನಾಯಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ಪ್ರತಿವರ್ಷ.

ಮನುಷ್ಯರ ವಿಷಯವೂ ಹಾಗೆಯೇ. ಈಗಿನ ಲಸಿಕೆ ಹಿಂದೆ ಪೂರ್ತಿ ಪಡೆದವರಿಗೆ ಮತ್ತೆ ಕಚ್ಚಿದರೆ ಆ ದಿನ ಮತ್ತು 3ನೇ ದಿನ, ಎರಡೇ ಸೂಜಿ ಸಾಕಾಗುತ್ತದೆ, ಸೀರಂ ಬೇಡ. ಆದರೆ ಹಿಂದೆ ಹೊಟ್ಟೆಗೆ ಹಾಕುತ್ತಿದ್ದ, ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆ ನಮ್ಮ ದೇಶದಲ್ಲಿ 2005ರ ವೇಳೆಗೆ ನಿಂತಿತು. ಅದನ್ನು ಪಡೆದ ಹಿರಿಯರನ್ನು ಲಸಿಕೆಯೇ ಪಡೆಯದವರಂತೆ ಭಾವಿಸಿ, ಪೂರ್ತಿ ಚಿಕಿತ್ಸೆ ಕೊಡಬೇಕು.

ಪ್ರತಿಕಾಯ ಅಳೆಯುವ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕಚ್ಚಿಸಿಕೊಂಡವರು ಅದರ ಫಲಿತಾಂಶಕ್ಕೆ ಕಾಯಬಾರದು. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಸೂಜಿ ಹಾಕಿಸಿದ ತಾರೀಖಿನ ಚೀಟಿಯನ್ನು ಪಹಣಿ ಪತ್ರದಷ್ಟೇ ಜೋಪಾನವಾಗಿಡಿ.