ಮೆರ್ರಿ ಹಳ್ಳದ ಸೈಕಲ್ ದಾರಿಯಲ್ಲಿ ಏನೇನಿದೆ ಗೊತ್ತೇ!

ಮೆಲ್ಬರ್ನ್‌ಗೆ ಹೋದವರೆಲ್ಲ ಟ್ರಾಮ್ ಹತ್ತುತ್ತಾರೆ, ಕ್ರಿಕೆಟ್ ಮೈದಾನದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೆಲ್ಲ ಆಮೇಲಾಗಲಿ! ಮೊದಲು ಒಂದು ಸೈಕಲ್ ಹೊಂದಿಸಿಕೊಂಡು ಯಾರಾ ನದಿಯ ಡೈಟ್ಸ್ ಫಾಲ್ಸ್ ಹತ್ತಿರ ಬನ್ನಿ. ಮೆರ್ರಿ ಕ್ರೀಕ್ ಎಂಬ ಹಳ್ಳ ನದಿಗೆ ಸೇರುವುದು ಅಲ್ಲೇ. ಹಳ್ಳದ ಗುಂಟ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ಸೈಕಲ್ ದಾರಿ!

ಮೇಲ್ನೋಟಕ್ಕೆ ಸಾದಾ ದಾರಿ. ನಾಯಿ ಹಿಡಿದು ನಡೆಯುವವರು, ಮಗುವಿನ ಗಾಡಿ ತಳ್ಳುವವರು. ಜೋರು ಮಳೆ ಬಂದು ಹಳ್ಳ ಇಳಿದ ಮೇಲಾದರೆ, ದಡದ ಕೊಂಬೆಗಳಲ್ಲಿ ಪ್ಲಾಸ್ಟಿಕ್ ಚೀಲಗಳ ತೋರಣ. ಇಷ್ಟೇನಾ ಅಂದಿರಾ? ತಡೀರಿ!

ನಾರ್ತ್‌ಕೋಟ್ ಹತ್ತಿರ ಬ್ರೇಕ್ ಹಾಕಿ. 1835ರ ಜೂನ್ 6. ಜಾನ್ ಬ್ಯಾಟ್‌ಮನ್ ಎಂಬಾತ (ನಗಬೇಡಿ, ನಿಜವಾದ ಹೆಸರೇ ಅದು!) ಇಲ್ಲಿನ ಮೂಲನಿವಾಸಿ ವುರುಂಡ್ಜೆರಿ ಹಿರಿಯರಿಂದ ಒಂದು ಪತ್ರಕ್ಕೆ ಗುರುತು ಹಾಕಿಸಿಕೊಂಡ. ಅದು ನಡೆದದ್ದು ಈ ಹಳ್ಳದ ದಡದಲ್ಲೇ ಎನ್ನುತ್ತಾರೆ ಬಹಳ ಇತಿಹಾಸಕಾರರು. ಜಾಗದ ಬಗ್ಗೆ ತಕರಾರು ಇದ್ದೇ ಇದೆ, ಇರಲಿ.

ಪತ್ರದಲ್ಲಿ ಬರೆದುಕೊಂಡ ಜಮೀನು ಎಷ್ಟು? ಊಹಿಸಿ. ನೂರು ಎಕರೆ? ಸಾವಿರ? ಸುಮಾರು 5 ಲಕ್ಷ ಎಕರೆ! ಇವತ್ತಿನ ಮೆಲ್ಬರ್ನ್ ನಿಂತಿರುವ ನೆಲ!

ಬೆಲೆ ಹೇಳಲೇ? 20 ಜೊತೆ ಕಂಬಳಿ. 30 ಕೈಗೊಡಲಿ. 100 ಚಾಕು. 50 ಕತ್ತರಿ. 30 ಕನ್ನಡಿ. 200 ಕರವಸ್ತ್ರ. ಒಂದಿಷ್ಟು ಹಿಟ್ಟು. ಮತ್ತೆ ಆರು ಅಂಗಿ! ಆರೇ ಆರು! ಇದರ ಮೇಲೆ ವರ್ಷ ವರ್ಷ ಇಂಥದ್ದೇ ಸಾಮಾನು ಕೊಡುವ ಮಾತು ಬೇರೆ.

ಪತ್ರ ಇಂಗ್ಲಿಷಿನಲ್ಲಿತ್ತು. ಹಿರಿಯರು ನೆಲ ಮಾರಿದೆವೆಂದು ತಿಳಿದಿರಲಾರರು ಎಂಬ ವಾದವಿದೆ. ಹೊರಗಿನಿಂದ ಬಂದವರಿಗೆ ನಾಲ್ಕು ದಿನ ತಮ್ಮ ನೆಲದಲ್ಲಿ ಇರಲು ಅನುಮತಿ ಕೊಡುವ ‘ತಂಡೆರ್ರಮ್’ ಎಂಬ ಶಾಸ್ತ್ರ ಅವರಲ್ಲಿತ್ತು. ಬಹುಶಃ ಅವರು ಮಾಡಿದ್ದು ಅದನ್ನೇ! ನನಗೂ ಹಾಗೇ ಅನ್ನಿಸುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಗವರ್ನರ್ ರಿಚರ್ಡ್ ಬರ್ಕ್ ಒಪ್ಪಂದ ರದ್ದು ಮಾಡಿದರು. ಅಬ್ಬ, ನ್ಯಾಯ ಸಿಕ್ಕಿತು ಅಂದುಕೊಂಡಿರಾ? ಕಾರಣ ಕೇಳಿ! ನೆಲ ಬ್ರಿಟಿಷ್ ದೊರೆಯದು, ವುರುಂಡ್ಜೆರಿಗಳು ಅದನ್ನು ಮಾರುವುದಾದರೂ ಹೇಗೆ ಎಂದು! ಆರು ಅಂಗಿಯ ಒಪ್ಪಂದವೂ ಉಳಿಯಲಿಲ್ಲ, ಒಡೆತನವೂ ಹೋಯಿತು.

ಪೆಡಲ್ ತುಳಿಯಿರಿ! ಈಸ್ಟ್ ಬ್ರನ್ಸ್‌ವಿಕ್ ಬಂತು. ಹಸಿರು ತೋಟ, ಕೋಳಿಗಳು, ಮಕ್ಕಳ ಗದ್ದಲ. ಇದು ಮೊದಲು ಏನಾಗಿತ್ತು ಹೇಳಿ ನೋಡೋಣ? ಕಲ್ಲುಕ್ವಾರಿ! ಕಲ್ಲು ಮುಗಿದ ಮೇಲೆ? ಊರಿನ ಕಸ ಸುರಿಯುವ ಗುಂಡಿ! 1982ರಲ್ಲಿ ಜನ ಅಲ್ಲಿ ‘ಸೆರೆಸ್’ ಎಂಬ ಪರಿಸರ ಉದ್ಯಾನ ಶುರು ಮಾಡಿದರು. ಗಿಡ ನೆಟ್ಟರು, ನೆಟ್ಟರು, ನೆಡುತ್ತಲೇ ಹೋದರು. ಕಾಣೆಯಾಗಿದ್ದ ಮಿಂಚುಳ್ಳಿ ಹಳ್ಳಕ್ಕೆ ವಾಪಸ್ ಬಂತು! ಒಂದು ಹಕ್ಕಿ ಬಂದದ್ದಕ್ಕೆ ಊರೇ ಹಬ್ಬ ಮಾಡಿತು!

ಇನ್ನು ಕೋಬರ್ಗ್. ಈ ಬಡಾವಣೆಯ ಮೊದಲಿನ ಹೆಸರು ಪೆಂಟ್ರಿಜ್. 1850ರ ಕೊನೆಗೆ ಇಲ್ಲೊಂದು ಜೈಲು ಬಂತು. ಕಟ್ಟಿದ್ದು ಈ ಸೀಮೆಯ ಕರಿನೀಲಿ ಕಲ್ಲಿನಿಂದ. ಗೋಡೆ ಮುಟ್ಟಿ ನೋಡಿ: ಲಾವಾ ಆರುವಾಗ ಉಳಿದ ಗಾಳಿಗುಳ್ಳೆಗಳ ಸಣ್ಣ ಸಣ್ಣ ತೂತು ಬೆರಳಿಗೆ ಸಿಗುತ್ತವೆ! ಜೈಲಿನ ಕೆಟ್ಟ ಹೆಸರು ಊರಿಗೂ ಅಂಟಿತು. ನಾಚಿದ ಊರಿನವರು 1870ರಲ್ಲಿ ಊರಿನ ಹೆಸರನ್ನೇ ಬದಲಿಸಿಬಿಟ್ಟರು!

ಈ ಜೈಲಿನ ನೆಲದಲ್ಲಿ ಯಾರ ಮೂಳೆ ಸಿಕ್ಕಿತು? ನೇಗಿಲಿನ ಕಬ್ಬಿಣದಿಂದ ಕವಚ ಮಾಡಿಸಿ ತೊಟ್ಟು ಪೊಲೀಸರ ಮೇಲೆ ಗುಂಡು ಹಾರಿಸಿದ ನೆಡ್ ಕೆಲ್ಲಿ! 1880ರಲ್ಲಿ ಗಲ್ಲಿಗೇರಿಸಿದ್ದು ಬೇರೆ ಜೈಲಿನಲ್ಲಿ. 1929ರಲ್ಲಿ ಅಲ್ಲಿನ ಶವಗಳನ್ನು ಅಗೆದು ಇಲ್ಲಿಗೆ ತಂದು ಹೂತರು. ಡಿಎನ್‌ಎ ಪರೀಕ್ಷೆಯಿಂದ ಗುರುತು ಖಚಿತವಾದದ್ದು 2011ರಲ್ಲಿ. ಆದರೆ ತಲೆಬುರುಡೆ? ಅದು ಅಲ್ಲಿರಲಿಲ್ಲ!

ಜೈಲು ಮುಚ್ಚಿದ್ದು 1997ರಲ್ಲಿ. ಈಗ ಅಲ್ಲಿ ಮನೆಗಳಿವೆ, ಸಿನಿಮಾ ಮಂದಿರವಿದೆ, ಹೋಟೆಲ್ ಇದೆ. ಹೋಟೆಲ್ ರೂಮುಗಳು ಯಾವುವು, ಊಹಿಸಿದಿರಾ? ಹಳೇ ಸೆಲ್‌ಗಳೇ! ಗೋಡೆ ಒಡೆದು ನಾಲ್ಕಾರು ಸೆಲ್ ಒಂದು ಮಾಡಿ, ಮೆತ್ತನೆ ಹಾಸಿಗೆ ಹಾಕಿ, ರಾತ್ರಿಗಿಷ್ಟು ಅಂತ ಬಾಡಿಗೆ ಇಟ್ಟಿದ್ದಾರೆ!