ಹಾವಲ್ಲ, ತೋಟದ ಒಕ್ಕಲು

ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ಬುಡ ಬಿಡಿಸುವಾಗ ಗುದ್ದಲಿಗೆ ಹಾವಿನಂತಹ ಜೀವಿಯೊಂದು ಸಿಗುವುದುಂಟು. ಮೈತುಂಬ ಬಳೆಯಂತಹ ಗೆರೆ, ಕೆಲವಕ್ಕೆ ಪಕ್ಕದಲ್ಲಿ ಹಳದಿ ಪಟ್ಟಿ. ಹಾವೆಂದು ಹೊಡೆದುಬಿಡುವವರೇ ಹೆಚ್ಚು.

ಇದು ಸಿಸಿಲಿಯನ್, ಕಪ್ಪೆ ಮತ್ತು ಸಲಮಾಂಡರ್‌ಗಳ ಬಳಗದ ಕಾಲಿಲ್ಲದ ಉಭಯಚರ. ಸಲಮಾಂಡರ್ ನಮ್ಮ ರಾಜ್ಯದಲ್ಲಿಲ್ಲ; ಅದು ಡಾರ್ಜಿಲಿಂಗ್ ಕಡೆಯದು. ಸಿಸಿಲಿಯನ್ನಿಗೆ ಕೋಲಾರ, ಮುಳಬಾಗಿಲಿನಂತಹ ಒಣಸೀಮೆ ಒಗ್ಗದು. ಮಲೆನಾಡಿನ ತೇವದ ಮಣ್ಣೇ ಮನೆ. ಎರೆಹುಳು, ಗೆದ್ದಲು ಆಹಾರ. ಇಕ್ತಿಯೋಫಿಸ್ ಎಂಬ ಪಂಗಡದಲ್ಲಿ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ. ಮರಿಗಳು ಹತ್ತಿರದ ನೀರಿಗಿಳಿದು ಬೆಳೆಯುತ್ತವೆ.

ತೆಳು ಚರ್ಮದ ಮೂಲಕವೂ ಇದು ಉಸಿರಾಡುತ್ತದೆ. ಆದ್ದರಿಂದ ಒಣಗಿದ ನೆಲವೂ ವಿಷದ ಔಷಧಿಯೂ ಇದಕ್ಕೆ ಕಂಟಕ. ಸಿಕ್ಕರೆ ಮಣ್ಣು ಮುಚ್ಚಿ ಬಿಡೋಣ. ತರಗೆಲೆ ಸುಡದಿರೋಣ, ಬಸಿಗಾಲುವೆಯ ಬದಿಗೆ ಕಳೆನಾಶಕ ಹೊಡೆಯದಿರೋಣ.